ನೂಕಿದರೂ ಚಾಲೂ ಆಗದ ಗಾಡಿಯಲ್ಲಿ ಬೀಳಗಿಗೆ

ಮಹಾಂತೇಶ, ಗೌರಿ, ನಿಮ್ಮ ಅಜ್ಜನ ಹಳೆಯ ಅಂಬಾಸಡರ್ ಕಾರಿನ ಮಾತು ಬಂದಾಗಲೆಲ್ಲ ನೀವಿಬ್ಬರೂ ನಗುತ್ತೀರಿ. ಕ್ಲಚ್ಚಿಲ್ಲದ ಅಂಬಾಸಡರ್ ಎಲ್ಲಿಯೂ ಇರಲಿಲ್ಲ, ಅಜ್ಜಿ ಕಥೆ ಕಟ್ಟುತ್ತಾಳೆ ಎಂದು ಮಹಾಂತೇಶ ಹೋದ ದೀಪಾವಳಿಗೆ ಅಂದ. ಎದುರು ಕುಳಿತು ವಾದ ಮಾಡುವುದು ನನ್ನಿಂದ ಆಗದು. ಹಳ್ಳಿಯ ಸಾಲೆಯಲ್ಲಿ ಕಲಿತ ನಾಲ್ಕು ಅಕ್ಷರ ಇವೆ, ಬರೆದೇ ಹೇಳುತ್ತೇನೆ. ಆ ಕಾರಿನಲ್ಲಿ ನಾವು ಜಮಖಂಡಿಯಿಂದ ಮುಧೋಳಕ್ಕೆ, ಅಲ್ಲಿಂದ ಬೀಳಗಿಗೆ ಹೋಗಿ, ನನ್ನ ಮಗಳು, ನಿಮ್ಮ ಅವ್ವ ಶಾಂತಾಳನ್ನು ಕರೆದುಕೊಂಡು ಬನಹಟ್ಟಿಗೆ ಮರಳಿದೆವು. ಆಗ ಮಹಾಂತೇಶ ಇನ್ನೂ ಹೊಟ್ಟೆಯಲ್ಲಿದ್ದ.

ಬನಹಟ್ಟಿಯ ಸೀರೆಗಳನ್ನು ಸುತ್ತಲಿನ ಊರುಗಳ ಅಂಗಡಿಗೆ ಹಾಕುವುದು ನಿಮ್ಮ ಅಜ್ಜನ ವ್ಯಾಪಾರ. ಗಂಟು ಇಳಿಸುವಾಗ ಲಾರಿಯಿಂದ ಬಿದ್ದು ಎಡ ಮೊಣಕಾಲು ಮುರಿಯಿತು. ಮಿರಜದಲ್ಲಿ ಆಪರೇಷನ್ ಆಯಿತು, ಆದರೆ ಕಾಲು ಕೋಲಿನಂತೆ ನೆಟ್ಟಗೆ ನಿಂತುಬಿಟ್ಟಿತು. ಕ್ಲಚ್ ಒತ್ತುವ ಹಾಗಿರಲಿಲ್ಲ, ಕಾರು ಮನೆಯ ಮುಂದೆ ಧೂಳು ತಿನ್ನುತ್ತ ನಿಂತಿತು. ಅಷ್ಟರಲ್ಲಿ ಶಾಂತಾಳಿಗೆ ಏಳು ತಿಂಗಳಾಯಿತು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಬೀಳಗಿಯ ಬೀಗರು ಮಾತ್ರ, “ಬಸ್ಸಿನ್ಯಾಗ ಬಸರಿನ ಕಳಸೂದಿಲ್ಲ, ನಿಮ್ಮ ಕಾಲೂ ಸರಿ ಇಲ್ಲ, ಇಲ್ಲೇ ಬಾಣಂತನ ಮಾಡ್ತೀವಿ” ಎಂದು ಹೇಳಿ ಕಳಿಸಿದರು. ಬಾಡಿಗೆ ಗಾಡಿ ತರೋಣ ಎಂದರೆ ಅಜ್ಜ ಒಪ್ಪಲಿಲ್ಲ. “ನನ್ನ ಮಗಳನ್ನ ನಾನಽ ಕರಕೊಂಡ ಬರಾಂವ” ಎಂದು ಹಟ ಹಿಡಿದರು.

ಆ ಕಾರಿಗೆ ಹಿಂದೆಯೇ ಜಪಾನಿನ ಡೀಸೆಲ್ ಎಂಜಿನ್ ಕೂಡಿಸಿದ್ದರು. ಅದೇ ಜಾತಿಯ ಎಂಜಿನ್ನಿಗೆ ಹೊಂದುವ, ತಾನೇ ಗೇರು ಬದಲಿಸುವ ಡಬ್ಬಿಯೊಂದು ಮುಂಬಯಿಯ ಗುಜರಿಯಲ್ಲಿದೆ ಎಂದು ಜಮಖಂಡಿಯ ದಸ್ತಗೀರ ಮಿಸ್ತ್ರಿ ಪತ್ತೆ ಹಚ್ಚಿದ. ಕಾರು ಅವನ ಗ್ಯಾರೇಜಿನಲ್ಲಿ ಬಹಳ ದಿನ ಕುಳಿತಿತು. ಹೊಸ ಡಬ್ಬಿ ಹಳೆಯದಕ್ಕಿಂತ ಉದ್ದ. ಅದಕ್ಕೆ ಜಾಗ ಮಾಡಲು ಕಾರಿನ ತಳದ ತಗಡನ್ನು ಕೊಯ್ದು ಉಬ್ಬಿಸಿ ಬೆಸುಗೆ ಹಾಕಿದರು. ಹಿಂದಿನ ಗಾಲಿ ತಿರುಗಿಸುವ ಉದ್ದನೆಯ ಶಾಫ್ಟನ್ನು ಲೇಥಿನಲ್ಲಿ ಗಿಡ್ಡ ಮಾಡಿದರು. ಡಬ್ಬಿಯ ಕೆಂಪು ಎಣ್ಣೆ ತಣ್ಣಗಾಗಲೆಂದು ರೇಡಿಯೇಟರಿನವರೆಗೆ ಎರಡು ಕೊಳವೆ ಎಳೆದರು.

ನಾವು ಹೊರಟದ್ದು ಚಳಿಗಾಲದ ಒಂದು ಸೋಮವಾರ. ಬೆಳಗಿನ ಬಸ್ಸಿಗೆ ಬನಹಟ್ಟಿಯಿಂದ ಜಮಖಂಡಿಗೆ ಬಂದು ಗ್ಯಾರೇಜಿಗೆ ಹೋದೆವು. ಅಜ್ಜ ಒಳಗೆ ಕುಳಿತು ನೆಟ್ಟಗಿನ ಕಾಲನ್ನು ಮುಂದಕ್ಕೆ ಚಾಚಿದರು. ಕ್ಲಚ್ಚಿನ ಜಾಗ ಖಾಲಿ ಇತ್ತು, ಕಾಲು ಆರಾಮಾಗಿ ಹಿಡಿಸಿತು.

“ಮಿಸ್ತ್ರಿ, ನಾಕನೇ ಗೇರ ಎಲ್ಲಿ ಐತೋ?”

“ಒಳಗ ಐತ್ರಿ ಸಾವಕಾರ್ರ. ಗಾಡಿ ಓಟ ಹಿಡದ್ರ ತಾನಽ ಬೀಳತೈತಿ. ಎಂಜಿನ್ ಸಣ್ಣ ಉಸರು ಬಿಡತೈತಿ, ಎಣ್ಣಿ ಉಳಿತೈತಿ. ಇಳಕಲಾ ಬಂದ್ರ ಮಾತ್ರ ಈ ಗುಂಡಿ ಒತ್ತಿ ನಾಕನೇದನ್ನ ತಗದಬಿಡ್ರಿ.”

“ಹಂಗಾರ ನನ್ನ ಕೆಲಸಾ ಏನ?”

“ಸುಮ್ಮ ಕುಂಡರೂದ್ರಿ. ಅದಽ ನಿಮಗ ತ್ರಾಸ ಆಗೂದು.”

ಗ್ಯಾರೇಜಿನವರೆಲ್ಲ ನಕ್ಕರು. ಹೊರಡುವಾಗ ದಸ್ತಗೀರ ಇನ್ನೊಂದು ಮಾತು ಹೇಳಿದ. “ಬ್ಯಾಟರಿ ಹಳೇದೈತಿ, ನೆನಪಿಡ್ರಿ. ಇದನ್ನ ನೂಕಿ ಚಾಲೂ ಮಾಡಾಕ ಬರೂದಿಲ್ಲ. ಊರ ಮಂದಿ ಕೂಡಿ ನೂಕಿದ್ರೂ ಎಂಜಿನ್ ತಿರಗೂದಿಲ್ಲ.” ಅಜ್ಜ ಹೂಂ ಅಂದರು. ಹಿಂದಿನ ಸೀಟಿನಲ್ಲಿ ಬುತ್ತಿಯ ಗಂಟು ಹಿಡಿದು ಕುಳಿತಿದ್ದ ನನಗೂ ಕೇಳಿಸಿತು.

ಮುಧೋಳದ ಹಾದಿಯಲ್ಲಿ ಕಬ್ಬಿನ ಗಾಡಿಗಳ ಸಾಲು ಹತ್ತಿತು. ಕಾರ್ಖಾನೆಗಳು ಶುರುವಾದ ಕಾಲ. ಹತ್ತು ಮಾರು ಹೋಗುವುದು, ನಿಲ್ಲುವುದು, ಮತ್ತೆ ಹೋಗುವುದು. ಮೊದಲಾದರೆ ಅಂಥ ಹಾದಿಯಲ್ಲಿ ಅಜ್ಜ ಎತ್ತಿಗೂ ಬೈಯುತ್ತಿದ್ದರು, ಎತ್ತಿನವನಿಗೂ ಬೈಯುತ್ತಿದ್ದರು. ಅವತ್ತು ಒಂದೇ ಕಾಲಿನಲ್ಲಿ ಬ್ರೇಕು ಬಿಡುತ್ತ ಹಿಡಿಯುತ್ತ ಹಾಡು ಗುನುಗಿದರು. ಸಾಲು ದಾಟಿ ಬಯಲು ಸಿಕ್ಕಾಗ ಎಂಜಿನ್ನಿನ ಸದ್ದು ಒಮ್ಮೆಲೇ ತಗ್ಗಿತು. ಕೆಟ್ಟಿತೇನೋ ಎಂದು ನಾನು ಹೆದರಿದೆ. “ನಾಕನೇದು ಬಿತ್ತಲೇ!” ಎಂದು ಅಜ್ಜ ಕೂಗಿದರು.

ಮುಧೋಳದಲ್ಲಿ ಒಂದು ಅಂಗಡಿಗೆ ಸೀರೆ ಇಳಿಸಿದೆವು. ಅಂಗಡಿಯವರು ಕಾರಿನೊಳಗೆ ಬಗ್ಗಿ ನೋಡಿ, “ಡ್ರೈವರ್ ಎಲ್ರಿ?” ಎಂದರು. “ನಿಮ್ಮ ಮುಂದಽ ನಿಂತಾನಲ್ರಿ” ಎಂದರು ಅಜ್ಜ. ಚಹಾ ಕುಡಿದು, ಶಾಂತಾಳಿಗೆ ಹಸಿರು ಬಳೆ ಕೊಂಡು ಮುಂದೆ ಹೊರಟೆವು. ಬೀಳಗಿಯ ಕಡೆಯ ಹೊಲಗಳಲ್ಲಿ ಬಿಳಿಜೋಳ ತೆನೆ ಹಿಡಿದಿತ್ತು. ಹಾದಿಬದಿ ಒಂದು ಬೇವಿನ ಮರದ ಕೆಳಗೆ ರೊಟ್ಟಿ, ಶೇಂಗಾ ಚಟ್ನಿ, ಮೊಸರು ತಿಂದೆವು. ಬಿಸಿಲು ಹಿತವಾಗಿತ್ತು.

ಬೀಳಗಿಯಲ್ಲಿ ಓಣಿಯೇ ಕಾರಿನ ಸುತ್ತ ಕೂಡಿತು. ಅಜ್ಜ ಹುರುಪಿನಿಂದ ಬಾನೆಟ್ ಎತ್ತಿ ತೋರಿಸಿದರು, ಹಾರ್ನು ಬಾರಿಸಿದರು, ದೀಪ ಹಚ್ಚಿದರು. ಬೀಗರು ಬಸಲಿಂಗಪ್ಪನವರಿಗೆ ಖುಷಿಯಾಯಿತು. “ಹಿಂಗಿದ್ರ ಕಳಸಾಕ ಏನ ಅಡ್ಡಿ?” ಎಂದರು. ಬೀಗತಿ ಗಂಗವ್ವ, ನಿಮ್ಮ ಬೀಳಗಿ ಅಜ್ಜಿ, ಊಟಕ್ಕೆ ಎಲೆ ಹಾಕಿಸಿದರು. ಹೋಳಿಗೆ ಊಟವಾಯಿತು, ಶಾಂತಾಳಿಗೆ ಉಡಿ ತುಂಬಿದರು. ಅಷ್ಟು ಹೊತ್ತೂ ಹೊರಗೆ ಬೆಳ್ಳನೆಯ ಬಿಸಿಲಿನಲ್ಲಿ ಕಾರಿನ ದೀಪ ಉರಿಯುತ್ತಲೇ ಇತ್ತು. ಬಿಸಿಲಿಗೆ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಹೊರಡಲು ಕೀಲಿ ತಿರುಗಿಸಿದರೆ ಟಕ್ ಎಂದಿತು, ಅಷ್ಟೇ. “ಬ್ಯಾಟರಿ ಇಳದೈತಿ, ನೂಕ್ರೋ!” ಎಂದು ಯಾರೋ ಕೂಗಿದರು. ಹತ್ತಾರು ಜನ ಓಡಿ ಬಂದು ಹೆಗಲು ಕೊಟ್ಟರು. ಅಜ್ಜ ಒಳಗೆ ಸ್ಟಿಯರಿಂಗ್ ಹಿಡಿದು ಕುಳಿತರು, ಬೇಡ ಎನ್ನಲಿಲ್ಲ. ಓಣಿಯ ಈ ತುದಿಯಿಂದ ಆ ತುದಿಗೆ ನೂಕಿದರು, ಮತ್ತೆ ಹಿಂದಕ್ಕೆ ನೂಕಿದರು. ಎಲ್ಲರ ಅಂಗಿ ಬೆವರಿಗೆ ಅಂಟಿದವು.

“ಸಾವಕಾರ್ರ, ಗೇರಿನ್ಯಾಗ ಹಾಕೀರಿಲ್ಲೋ?”

“ಹಾಕೇನಪಾ, ನೂಕ ನೀ.”

“ಹೋಳಿಗಿ ನೀವು ತಿಂದ್ರಿ, ಕರಗೂದು ನಮ್ಮ ಹೊಟ್ಟಿ!”

ಬಸಲಿಂಗಪ್ಪನವರ ಮುಖ ಸಣ್ಣದಾಯಿತು. “ಇಂಥಾ ಗಾಡ್ಯಾಗ ಬಸರಿನ ಹೆಂಗ ಕಳಸೂದ್ರಿ?” ಎಂದು ಯಾರಿಗೂ ಅಲ್ಲದಂತೆ ಹೇಳಿದರು. ತಲಬಾಗಿಲಲ್ಲಿ ಶಾಂತಾ ಉಡಿ ಹಿಡಿದುಕೊಂಡು ನಿಂತಿದ್ದಳು. ಅವಳ ಕಣ್ಣು ತುಂಬಿದ್ದವು.

ಶಾಂತಾಳ ಮದುವೆಯಾದಂದಿನಿಂದ ನಾನು ಬೀಗರ ಮನೆಯ ಗಂಡಸರೆದುರು ದನಿ ಎತ್ತಿದವಳಲ್ಲ. ಕೇಳಿದ್ದಕ್ಕೆ ಸೆರಗಿನ ಮರೆಯಿಂದ ಹೂಂ, ಊಹೂಂ ಎಂದವಳು. ಅವತ್ತು ಸೆರಗು ಸರಿಮಾಡಿಕೊಂಡು ಅಂಗಳಕ್ಕೆ ಇಳಿದೆ.

“ಅದು ನೂಕಿದ್ರ ಚಾಲೂ ಆಗೂದಿಲ್ರಿ” ಎಂದೆ. “ಮಿಸ್ತ್ರಿ ಹೇಳ್ಯಾನ. ಅವರಿಗೂ ಗೊತ್ತೈತಿ. ಇನ್ನೊಂದು ಬ್ಯಾಟರಿ ತಂದು ಹಚ್ಚರಿ.”

ನೂಕುತ್ತಿದ್ದವರು ನಿಂತರು. ಒಬ್ಬ ಕಲ್ಲಿನ ಮೇಲೆ ಕುಸಿದು ಕುಳಿತು, “ಅಯ್ಯ ನಮ್ಮವ್ವಾ, ಇದನ್ನ ಮೊದಲಽ ಹೇಳಬಾರದಽ?” ಎಂದ. ಓಣಿಯೆಲ್ಲ ನಕ್ಕಿತು. ಅಜ್ಜ ನಗಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಪಕ್ಕದ ಮನೆಯ ಟ್ರ್ಯಾಕ್ಟರಿನಿಂದ ಬ್ಯಾಟರಿ ಬಿಚ್ಚಿ ತಂದು ತಂತಿ ಹಚ್ಚಿದರು. ಎಂಜಿನ್ ಒಂದೇ ಏಟಿಗೆ ಗುಡುಗಿತು.

ಆಗ ಗಂಗವ್ವ ಕಾರಿನ ಕಿಟಕಿಯ ಹತ್ತಿರ ಹೋದರು.

“ಬೀಗರ, ಗಾಡಿ ಛಲೋ ಐತಿ. ಅದರ ಮ್ಯಾಲೆ ನಂದೇನೂ ತಕರಾರಿಲ್ಲ. ಗೊತ್ತಿದ್ದೂ ಇಷ್ಟ ಮಂದಿ ಕಡಿಂದ ನೂಕಿಸಿಕೊಂಡ್ರಲ್ಲ? ಹಾದ್ಯಾಗ ನನ್ನ ಸೊಸಿಗಿ ಬ್ಯಾನಿ ಬಂತು ಅಂದ್ರೂ ಮರ್ಯಾದಿ ಹೋಗತೈತಿ ಅಂತ ಹಿಂಗಽ ಸುಮ್ಮ ಕುಂಡರ್ತೀರೇನು?”

ಅಜ್ಜ ಸ್ಟಿಯರಿಂಗಿನ ಮೇಲಿಂದ ಕೈ ತೆಗೆದರು. “ಇಲ್ರಿ ಬೀಗತಿ” ಎಂದರು. “ನಂದು ತಪ್ಪಾತು. ಕಾಲಂತೂ ಹೋತು, ಗಾಡೀನೂ ದಂಡ ಅಂತಾರಂತ ಬಾಯಿ ಬರಲಿಲ್ಲ” ಎಂದರು. ಅವರ ಬಾಯಲ್ಲಿ ಅಂಥ ಮಾತನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಗಂಗವ್ವ ಒಳಗೆ ಹೋಗಿ ಎರಡು ದಿಂಬು ತಂದು ಹಿಂದಿನ ಸೀಟಿಗೆ ಹಾಕಿದರು. ಶಾಂತಾಳನ್ನು ಕೈಹಿಡಿದು ಕೂಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, “ನೀ ಮುಂದ ಕುಂಡರಬೇ” ಎಂದರು. “ಕಂಡದ್ದು ಬಾಯಿ ಬಿಟ್ಟು ಹೇಳಕೋತ ಹೋಗು.”

ಜಮಖಂಡಿಯ ನೇರ ಹಾದಿ ಹಿಡಿದು ಮರಳಿದೆವು. ಹಾದಿಯುದ್ದಕ್ಕೂ ನಾನು ತಗ್ಗು, ಎಮ್ಮೆ, ಸೈಕಲ್ಲು, ಎಲ್ಲವನ್ನೂ ಹೇಳುತ್ತ ಬಂದೆ. “ನನಗೂ ಕಣ್ಣ ಅದಾವಲೇ” ಎಂದು ಅಜ್ಜ ಎರಡು ಸಲ ಗೊಣಗಿದರು, ಮೂರನೆಯ ಸಲ ನಕ್ಕರು. ಹಿಂದೆ ಶಾಂತಾ ದಿಂಬಿಗೆ ಒರಗಿ ನಿದ್ದೆ ಹೋಗಿದ್ದಳು. ದೀಪ ಹಚ್ಚುವ ಹೊತ್ತಿಗೆ ಬನಹಟ್ಟಿಯ ಮಗ್ಗಗಳ ಸದ್ದು ಕೇಳಿಸಿತು. ಎರಡು ತಿಂಗಳಿಗೆ ನಮ್ಮ ಮನೆಯಲ್ಲೇ ಮಹಾಂತೇಶ ಹುಟ್ಟಿದ.

ಅಜ್ಜ ಹೋದ ಮೇಲೆ ಆ ಕಾರನ್ನು ಒಯ್ದವರು ಬಿಚ್ಚಿ ಮಾರಿದರಂತೆ. ಅದರ ಫೋಟೋ ಕೂಡ ನಮ್ಮಲ್ಲಿಲ್ಲ. ಗೌರಿ, ಈ ಹಾಳೆಗಳನ್ನು ನಿನ್ನ ಟ್ರಂಕಿನಲ್ಲಿ ಸೀರೆಗಳ ನಡುವೆ ಬೇವಿನ ಎಲೆ ಹಾಕಿ ಇಡು, ಹುಳ ಹತ್ತಬಾರದು. ಮಹಾಂತೇಶನ ಕೈಗೆ ಓದಲು ಕೊಡು, ಓದಿದ ಮೇಲೆ ಮರಳಿ ಇಸಿದುಕೋ. ನಿಮ್ಮ ಅಜ್ಜ ತಪ್ಪಾತು ಎಂದದ್ದನ್ನು ಕೇಳಿದ ನಮ್ಮ ಮನೆಯವರಲ್ಲಿ ಈಗ ಉಳಿದವರು ನಾನು, ಮತ್ತು ನಿಮ್ಮ ಅವ್ವ.