ಗಾಡಿ ನೆಟ್ಟಗಿದ್ದರೆ ಕೈಗೆ ಭಾರವಿಲ್ಲ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಡೆಲಿವರಿ ಕಂಪನಿಯೊಂದರ ಬೈಕ್ ಶೆಡ್ಡಿನ ಗೇಟಿನ ಹೊರಗೆ, ಬೀದಿದೀಪದ ಕೆಳಗೆ, ಐವತ್ತರ ಆಸುಪಾಸಿನ ಹೆಂಗಸೊಬ್ಬರು ಬೈಕಿಗೆ ಎದುರಾಗಿ ನಿಂತಿದ್ದಾರೆ. ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಇರುಕಿಸಿಕೊಂಡು ಹ್ಯಾಂಡಲ್ಲನ್ನು ಎರಡೂ ಕೈಯಲ್ಲಿ ಹಿಡಿದಿದ್ದಾರೆ. ಬಲ ಮಣಿಕಟ್ಟಿಗೆ ಹಳೆಯ ಬಟ್ಟೆಯ ಪಟ್ಟಿ. ಅವರ ಗಂಡ ರಸ್ತೆಯ ಮೇಲೆ ಹರಿದ ರಟ್ಟು ಹಾಸಿಕೊಂಡು ಮಗ್ಗುಲಾಗಿ ಮಲಗಿ, ಎಂಜಿನ್ನಿನ ಬದಿಯಲ್ಲಿರುವ ಪುಟ್ಟ ಗಾಜಿಗೆ ಟಾರ್ಚ್ ಬಿಟ್ಟು ನೋಡುತ್ತಿದ್ದಾರೆ.

"ನೆಟ್ಟಗೆ ಹಿಡಿ," ಎನ್ನುತ್ತಾರೆ ಗಂಡ.

"ನೆಟ್ಟಗೇ ಇದೆ. ನೀವು ಕಣ್ಣು ನೆಟ್ಟಗೆ ಮಾಡ್ಕೊಳ್ಳಿ," ಎನ್ನುತ್ತಾರೆ ಹೆಂಡತಿ.

ಈ ಕೆಲಸ ನಡೆಯಬೇಕಾದದ್ದು ಗೇಟಿನ ಒಳಗೆ, ದೀಪ, ಸಮನೆಲ, ಮೇಲೊಂದು ಸೂರು ಇರುವ ಶೆಡ್ಡಿನಲ್ಲಿ. ಇವತ್ತು ಬೀದಿಗೆ ಬಿದ್ದಿದೆ. ಸಂಬಳದ ಪಟ್ಟಿಯಲ್ಲಿಲ್ಲದ ಈ ಹೆಂಗಸು ಇನ್ನು ಮುಂದೆ ಗೇಟು ದಾಟಕೂಡದು ಎಂದು ಶೆಡ್ಡಿನ ಇನ್‌ಚಾರ್ಜ್ ನಿನ್ನೆ ಸಂಜೆ ಹುಕುಂ ಹೊರಡಿಸಿದ್ದಾರೆ. ಆ ಮಾತನ್ನು ಆಕೆಗೆ ಮುಟ್ಟಿಸಿ, ಬಂದರೆ ತಡೆಯುವ ಕೆಲಸವನ್ನು ಗೇಟಿನ ಸೆಕ್ಯುರಿಟಿಗೆ ಒಪ್ಪಿಸಿದ್ದಾರೆ. ಆ ಸೆಕ್ಯುರಿಟಿ ಬೇರೆ ಯಾರೂ ಅಲ್ಲ, ಆಕೆಯ ಒಡಹುಟ್ಟಿದ ತಮ್ಮ.

ನಾನು ಬಂದದ್ದು ಗಂಡನ ಬಗ್ಗೆ ಬರೆಯಲು. ಬೈಕಿನ ಆಯಿಲ್ ಬದಲಿಸುವುದರಲ್ಲಿ ಅವರದು ಎತ್ತಿದ ಕೈ, ಮೆಕ್ಯಾನಿಕ್ ಅಂದರೆ ಅವರು ಎಂದು ಯಾರೋ ಹೇಳಿದ್ದರು. ಮಾತುಮಾತಿಗೆ "ನೆಟ್ಟಗೆ ಹಿಡಿ" ಎನ್ನುವುದರಿಂದ ಶೆಡ್ಡಿನಲ್ಲಿ ಅವರಿಗೆ ನೆಟ್ಟಗಣ್ಣ ಎಂದೇ ಹೆಸರು. ಆದರೆ ಬಂದು ಒಂದು ಗಳಿಗೆ ನಿಂತು ನೋಡಿದ ಮೇಲೆ ನನಗೆ ಬೇರೆಯೇ ಪ್ರಶ್ನೆ ಹುಟ್ಟಿತು. ಹಿಡಿ, ಹಿಡಿ ಎನ್ನುತ್ತಾರಲ್ಲ, ಹಿಡಿಯುವವರ ಬಗ್ಗೆ ನನಗೆ ಯಾಕೆ ಯಾರೂ ಹೇಳಲಿಲ್ಲ? ಡೆಲಿವರಿ ಹುಡುಗರು ಆಕೆಯನ್ನು ಅಕ್ಕ ಎನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ.

ಆಯಿಲ್ ಬದಲಿಸುವುದರಲ್ಲಿ ಹಿಡಿಯುವುದೇನಿದೆ ಎನ್ನುವವರಿಗೆ ಸ್ವಲ್ಪ ವಿವರ. ಹಳೆಯ ಆಯಿಲ್ ಇಳಿಸಿ, ಹೊಸದು ಹಾಕಿ, ಎಂಜಿನ್ ಒಂದಿಷ್ಟು ಹೊತ್ತು ಓಡಿಸಿ ನಿಲ್ಲಿಸಬೇಕು. ಮೇಲೆಲ್ಲ ಹರಡಿಕೊಂಡ ಆಯಿಲ್ ತಳಕ್ಕೆ ಇಳಿಯುವ ತನಕ ಕಾಯಬೇಕು. ಆಮೇಲೆ ಗಾಡಿ ನೇರವಾಗಿ ನಿಂತಿರುವಾಗ ಗಾಜಿನಲ್ಲಿ ನೋಡಿದರೆ, ಮೇಲಿನ ಗೆರೆಗೂ ಕೆಳಗಿನ ಗೆರೆಗೂ ನಡುವೆ ಆಯಿಲ್ ಕಾಣಬೇಕು. ಗಾಡಿ ಸೈಡ್ ಸ್ಟ್ಯಾಂಡಿನ ಮೇಲೆ ಎಡಕ್ಕೆ ಒರಗಿತೋ, ಆಯಿಲ್ ಅತ್ತ ಹರಿದು ಬಲಗಡೆಯ ಗಾಜು ಖಾಲಿ ಕಾಣುತ್ತದೆ. ಅವಸರದವನು ಕಮ್ಮಿಯಾಯಿತು ಎಂದು ಮತ್ತೆ ಸುರಿಯುತ್ತಾನೆ. ಕಮ್ಮಿಯಾದರೆ ಎಂಜಿನ್ ಸುಡುತ್ತದೆ ಎಂದು ಎಲ್ಲರಿಗೂ ಗೊತ್ತು. ಜಾಸ್ತಿಯಾದರೂ ಅಪಾಯ. ಆಯಿಲ್ ನೊರೆಯೇಳುತ್ತದೆ, ಜಾಗ ಸಾಲದೆ, ಅದನ್ನು ಒಳಗೇ ತಡೆಯುವ ರಬ್ಬರ್ ಸೀಲಿನ ಸಂದಿಯಿಂದ ಹೊರಬರುತ್ತದೆ.

ಡಬಲ್ ಸ್ಟ್ಯಾಂಡ್ ಇದ್ದರೆ ಗಾಡಿ ತಾನೇ ನೇರ ನಿಲ್ಲುತ್ತದೆ, ಯಾರೂ ಹಿಡಿಯಬೇಕಾಗಿಲ್ಲ. ಈ ಕಂಪನಿಯ ಬೈಕುಗಳಿಗೆ ಅದನ್ನೇ ಹಾಕಿಸಿಲ್ಲ. ಟ್ಯಾಂಕಿನ ಮೇಲೆ ಮಾತ್ರ ಕಂಪನಿಯ ಹೆಸರು ದೂರದಿಂದಲೂ ಹೊಳೆಯುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವುದು ಇಂಥದ್ದಕ್ಕೇ. ನೆಟ್ಟಗಣ್ಣ ಜೊತೆಗೊಬ್ಬರನ್ನು ಕೊಡಿ ಎಂದು ಕೇಳಿದರೆ ಇನ್‌ಚಾರ್ಜ್ ಒಂದು ಇಟ್ಟಿಗೆ ಕೊಟ್ಟರಂತೆ, ಸೈಡ್ ಸ್ಟ್ಯಾಂಡಿನ ಕೆಳಗೆ ಇಟ್ಟುಕೊಳ್ಳಲು.

"ಒಂದು ಗಾಡೀಗೆ ಇಟ್ಟಿಗೆ ಜಾಸ್ತಿ ಆಗುತ್ತೆ, ಇನ್ನೊಂದಕ್ಕೆ ಸಾಲಲ್ಲ. ನಾನೇ ಹಿಡ್ಕೊಂಡು ನಾನೇ ಬಗ್ಗಿ ಗಾಜು ನೋಡೋಕೆ ನಂಗೇನು ಜಿರಾಫೆ ಕತ್ತಾ ಸಾರ್?" ಎನ್ನುತ್ತಾರೆ ನೆಟ್ಟಗಣ್ಣ. ಸವಾರರು ಬರುವುದು ಹೊರಡುವ ಹೊತ್ತಿಗೆ. ಅಷ್ಟರೊಳಗೆ ಗಾಡಿ ತಯಾರಿರಬೇಕು. ಹೀಗಾಗಿ ಮನೆಯಲ್ಲಿ ಮಲಗಿದ್ದ ಅಕ್ಕ ಎದ್ದು ಬರತೊಡಗಿದರು. ನಾಲ್ಕು ದಿನದ ಮಟ್ಟಿಗೆ ಎಂದು ಬಂದದ್ದು ವರ್ಷಗಳೇ ಆಗಿವೆ.

ದಿನಕ್ಕೆ ಹತ್ತು ಹನ್ನೆರಡು ಗಾಡಿ. ಬೇರೆ ಕಡೆ ಆಯಿಲ್ ಇಳಿಯುವ ತನಕ ಗಾಡಿಯನ್ನು ಒರಗಿಸಿಟ್ಟು, ನೋಡುವಾಗ ಮಾತ್ರ ಎತ್ತಿ ಹಿಡಿಯುತ್ತಾರಂತೆ. ಇವರಲ್ಲಿ ಹಾಗಿಲ್ಲ. ಓರೆಯಾಗಿ ಇಳಿದದ್ದು ಯಾವುದಾದರೂ ಮೂಲೆಯಲ್ಲಿ ಕೂತುಬಿಡುತ್ತದೆ ಎಂಬುದು ನೆಟ್ಟಗಣ್ಣನ ವಾದ. ಆದ್ದರಿಂದ ಎಂಜಿನ್ ನಿಂತ ಗಳಿಗೆಯಿಂದ ಗಾಜು ನೋಡಿ ಮುಗಿಯುವ ತನಕ ಅಕ್ಕ ಹಿಡಿದೇ ಇರುತ್ತಾರೆ. ಕೆಮ್ಮು ಬಂದರೂ ಅಷ್ಟೇ, ಮೂಗಿನ ಮೇಲೆ ಸೊಳ್ಳೆ ಕೂತರೂ ಅಷ್ಟೇ.

ನೇರ ನಿಂತಿದೆ ಎಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳುತ್ತೇನೆ.

"ಕೈಗೇ ಗೊತ್ತಾಗುತ್ತೆ. ಅತ್ತ ವಾಲಿದ್ರೆ ಈ ಕೈಗೆ ಭಾರ, ಇತ್ತ ವಾಲಿದ್ರೆ ಆ ಕೈಗೆ ಭಾರ. ನೆಟ್ಟಗೆ ನಿಂತಾಗ ಎರಡೂ ಕೈಗೆ ಭಾರಾನೇ ಇರಲ್ಲ. ಅಷ್ಟು ದೊಡ್ಡ ಗಾಡಿ, ಹಿಡಿದಿದ್ದೀನೋ ಇಲ್ವೋ ಅನ್ಸುತ್ತೆ. ಆದ್ರೆ ಅಲ್ಲಿಗೆ ತರೋವಷ್ಟರಲ್ಲಿ ಮಣಿಕಟ್ಟು ಹೋಗಿರುತ್ತೆ ಅಷ್ಟೆ."

ಇಲ್ಲಿಂದ ಆಕೆ ಸೀದಾ ಹೋಗುವುದು ಚೀಲ ಹೊಲಿಯುವ ಕೆಲಸಕ್ಕೆ. ಮನೆ ಪಂಕ್ಚರ್ ಅಂಗಡಿಯ ಮೇಲಿನ ಒಂದೂವರೆ ಕೋಣೆ. ಹೊಲಿಗೆ ಯಂತ್ರದಲ್ಲಿ ಬಟ್ಟೆ ತಿರುಗಿಸುವಾಗ ಮಣಿಕಟ್ಟು ಕಿರುಗುಟ್ಟುತ್ತದೆ. ಹಿಡಿದದ್ದಕ್ಕೆ ಕಂಪನಿಯಿಂದ ಏನಾದರೂ ಸಿಕ್ಕಿದೆಯೇ? "ಸಿಕ್ಕಿದೆಯಲ್ಲ," ಎಂದು ಪಟ್ಟಿ ಕಟ್ಟಿದ ಕೈ ತೋರಿಸುತ್ತಾರೆ. ಕೈ ಕೆಸರಾದರೆ ಬಾಯಿ ಮೊಸರು ಎಂದು ನಮಗೆಲ್ಲ ಶಾಲೆಯಲ್ಲಿ ಬರೆಸಿದ್ದಾರೆ. ಕೆಸರು ಒಬ್ಬರಿಗೆ, ಮೊಸರು ಇನ್ನೊಬ್ಬರಿಗೆ ಎಂಬುದನ್ನು ಯಾಕೆ ಬರೆಸಲಿಲ್ಲವೋ ಕಾಣೆ.

ಕಳೆದ ಮಳೆಗಾಲದಲ್ಲಿ ಮಗಳ ಹೆರಿಗೆಗೆಂದು ಅಕ್ಕ ಒಂದು ವಾರ ಆಸ್ಪತ್ರೆಯಲ್ಲಿದ್ದರು. ಆಗ ತಮ್ಮ ಇದೇ ಕಂಪನಿಯಲ್ಲಿ ಬೈಕ್ ಸವಾರ. ಅವನ ಗಾಡಿಯ ಆಯಿಲ್ ಬದಲಿಸುವಾಗ ಹಿಡಿಯಲು ಯಾರೂ ಇರಲಿಲ್ಲ. ಇಟ್ಟಿಗೆ ಇಟ್ಟರು. ಗಾಡಿ ಎಡಕ್ಕೇ ಒರಗಿತ್ತು, ಗಾಜು ಖಾಲಿ ಕಂಡಿತು. ಪಕ್ಕದಲ್ಲಿ ನಿಂತಿದ್ದ ಇನ್‌ಚಾರ್ಜ್, "ಕಾಣ್ತಾ ಇಲ್ಲ, ಹಾಕು, ಹಾಕಿ ಕಳಿಸು" ಎಂದರು. ನೆಟ್ಟಗಣ್ಣ ಹಾಕಿದರು. ಎರಡು ದಿನ ಓಡುವಷ್ಟರಲ್ಲಿ ಚೈನ್ ಪಕ್ಕದ ಸೀಲ್ ಬಿಟ್ಟುಕೊಂಡು ಆಯಿಲ್ ಹಿಂದಿನ ಟೈರಿಗೆ ಬಂತು. ತಿರುವಿನಲ್ಲಿ ಗಾಡಿ ಜಾರಿತು. ತಮ್ಮನ ಮೊಣಕಾಲು ಈಗ ಮಡಚುವುದಿಲ್ಲ.

"ಹಾಕಿದ ಕೈ ಇದೇ ಸಾರ್," ಎನ್ನುತ್ತಾರೆ ನೆಟ್ಟಗಣ್ಣ. ಕೈ ಒರೆಸುವ ಬಟ್ಟೆಯನ್ನು ಮಡಚುತ್ತಾರೆ, ಬಿಚ್ಚುತ್ತಾರೆ. "ತಪ್ಪು ಅಂತ ಗೊತ್ತಿತ್ತು. ಬೈಸ್ಕೊಳ್ಳೋಕೆ ಹೆದರಿ ಹಾಕ್ದೆ."

ಅಕ್ಕ ಗಂಡನನ್ನು ಇನ್ನೂ ಪೂರ್ತಿ ಕ್ಷಮಿಸಿಲ್ಲ, ಮುಚ್ಚಿಡುವುದೂ ಇಲ್ಲ. "ಅವರು ಹೇಳಿದ್ರು, ಇವರು ಹಾಕಿದ್ರು. ಒಂದು ತಿಂಗಳು ನಾನು ಇವರ ಜೊತೆ ಮಾತಾಡ್ಲಿಲ್ಲ. ಊಟ ಬಡಿಸೋದು, ಒಳಗೆ ಹೋಗೋದು. ಆದ್ರೆ ಬೆಳಗ್ಗೆ ಬಂದು ಗಾಡಿ ಮಾತ್ರ ಹಿಡೀತಿದ್ದೆ. ಮುನಿಸಿಕೊಂಡು ನಾನು ಮನೇಲಿ ಕೂತ್ರೆ ಇನ್ಯಾರ ಕಾಲು ಹೋಗಬೇಕೋ?"

ಕಂಪನಿ ಏನು ಮಾಡಿತು ಗೊತ್ತೇ? ಸವಾರನ ಅಜಾಗರೂಕತೆ ಎಂದು ಬರೆದು ಕೈತೊಳೆದುಕೊಂಡಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆಮೇಲೆ ದೊಡ್ಡ ಮನಸ್ಸು ಮಾಡಿದವರಂತೆ ಅವನಿಗೆ ಗೇಟಿನಲ್ಲಿ ಕೆಲಸ ಕೊಟ್ಟಿತು. ಅದು ಕೆಲಸವಲ್ಲ, ಬಾಯಿಗೆ ಹಾಕಿದ ಬೀಗ. ಆ ಬೀಗವನ್ನೇ ಈಗ ಅಕ್ಕನ ಎದುರು ಗೇಟಿಗೂ ಹಾಕಿಸಿದ್ದಾರೆ. ಅವನು ಒಳಗೆ ಬಿಟ್ಟರೆ ಅವನ ಕೆಲಸ ಹೋಗುತ್ತದೆ. ಬಿಡದಿದ್ದರೆ ಗಾಡಿಗಳು ಮತ್ತೆ ಇಟ್ಟಿಗೆಯ ಮೇಲೆ ನಿಲ್ಲುತ್ತವೆ. ಇದನ್ನು ಕೇಳಿಯೂ ಸಿಟ್ಟು ಬಾರದವರು ಯಾರಾದರೂ ಇದ್ದರೆ ಅವರ ಜೊತೆ ನನಗೆ ಮಾತಿಲ್ಲ.

ಈ ನಿಷೇಧಕ್ಕೆ ಕಾರಣವೂ ಕೇಳುವಂತಿದೆ. ಹೋದ ವಾರ ಮೇಲಿನ ಕಚೇರಿಯಿಂದ ಒಬ್ಬರು ಶೆಡ್ ನೋಡಲು ಬಂದಿದ್ದರು. ಬೈಕ್ ಹಿಡಿದು ನಿಂತಿದ್ದ ಅಕ್ಕನನ್ನು ಕಂಡು, "ನೀವು ಯಾರಮ್ಮ?" ಎಂದು ಕೇಳಿದ್ದಾರೆ. "ನೀವು ಹಾಕಿಸದೇ ಇರೋ ಸ್ಟ್ಯಾಂಡು ಸಾರ್," ಎಂದಿದ್ದಾರೆ ಅಕ್ಕ. ತಮ್ಮನ ಕಾಲಿನ ಕತೆಯನ್ನೂ ಅಲ್ಲೇ ಹೇಳಿದ್ದಾರೆ. ಬಂದವರು ತಲೆಯಾಡಿಸಿ ಹೋದರು. ಸ್ಟ್ಯಾಂಡ್ ಬರಲಿಲ್ಲ, ನಿಷೇಧ ಬಂತು.

ಇನ್‌ಚಾರ್ಜ್ ದಡ್ಡರಲ್ಲ. "ನಂಗೂ ಗೊತ್ತು ಸಾರ್, ನಾನೂ ಸ್ಪ್ಯಾನರ್ ಹಿಡಿದೇ ಮೇಲೆ ಬಂದವನು," ಎಂದು ನನ್ನೆದುರೇ ಹೇಳುತ್ತಾರೆ. "ಆದ್ರೆ ಮೇಲಿನವರು ಕೇಳೋದು ಎಷ್ಟು ಗಾಡಿ ಹೊರಟ್ವು ಅಂತ. ಆಯಿಲ್ ಇಳೀಲಿ ಅಂತ ಕಾಯ್ತಾ ಕೂತ್ರೆ ನನ್ನ ಸೀಟು ಇಳಿಯುತ್ತೆ." ಗೊತ್ತಿಲ್ಲದೆ ಮಾಡುವವರ ಮೇಲೆ ನನಗೆ ಇಷ್ಟು ಕೋಪ ಬರುವುದಿಲ್ಲ. ಇವರಿಗೆ ಎಲ್ಲ ಗೊತ್ತು.

ಇವತ್ತು ಬೆಳಗ್ಗೆ ಅಕ್ಕ ಎಂದಿನಂತೆ ಬಂದರು. ತಮ್ಮ ಗೇಟಿಗೆ ಅಡ್ಡ ನಿಂತ. ತಲೆ ತಗ್ಗಿಸಿಕೊಂಡೇ, "ಒಳಗೆ ಬರಬೇಡ ಅಕ್ಕ," ಎಂದ. ಆಕೆ ಜಗಳವಾಡಲಿಲ್ಲ. ಗೇಟಿನ ಸರಳುಗಳಾಚೆ ನಿಂತಿದ್ದ ಗಂಡನಿಗೆ, "ಗಾಡಿ ಇಲ್ಲಿಗೇ ತನ್ನಿ," ಎಂದರು. ನೆಟ್ಟಗಣ್ಣ ಮೊದಲ ಬೈಕ್ ತಳ್ಳಿಕೊಂಡು ಬಂದರು. ತಮ್ಮ ಕುಂಟುತ್ತ ಹೋಗಿ ಗೇಟು ತೆರೆದ. "ಅಕ್ಕ ಒಳಗೆ ಬರಬಾರದು ಅಂದಿದ್ದಾರೆ. ಗಾಡಿ ಹೊರಗೆ ಹೋಗಬಾರದು ಅಂತ ನಂಗೆ ಯಾರೂ ಹೇಳಿಲ್ಲ," ಎಂದು ನನಗೆ ಹೇಳಿದ.

ಈಗ ಬೆಳಕಾಗಿದೆ. ಒಂದೊಂದೇ ಗಾಡಿ ಹೊರಗೆ ತಂದು ನೋಡುವಷ್ಟರಲ್ಲಿ ಹೊತ್ತು ಮೀರಿದೆ, ಇನ್ನೂ ಹಲವು ಗಾಡಿ ಒಳಗೇ ಉಳಿದಿವೆ. ಸವಾರರು ಬಂದು ಸೇರಿದ್ದಾರೆ. ಎಲ್ಲರೂ ಅಕ್ಕನ ಪರ ಎಂದು ಬರೆದರೆ ಸುಳ್ಳಾಗುತ್ತದೆ. "ಲೇಟಾಗ್ತಿದೆ ಅಕ್ಕ, ಸಾಕು ಬಿಡಿ" ಎಂದು ಗೊಣಗುವವರೇ ಹೆಚ್ಚು. ಇನ್‌ಚಾರ್ಜ್ ದಾಪುಗಾಲು ಹಾಕುತ್ತ ಬಂದು ಕೂಗಾಡುತ್ತಾರೆ, ಉಳಿದ ಗಾಡಿಗಳಿಗೆ ಆಯಿಲ್ ಹಾಕಿಯಾಗಿದೆ, ತೆಗೆದುಕೊಂಡು ಹೊರಡಿ ಎನ್ನುತ್ತಾರೆ. ಒಬ್ಬ ಹೊರಟೇಬಿಡುತ್ತಾನೆ. ಅವನ ಹಿಂದೆ ಇನ್ನೊಬ್ಬ ಕಿಕ್ ಹೊಡೆದು ಗೇಟಿನ ತನಕ ಬರುತ್ತಾನೆ. ಅಲ್ಲಿ ತಮ್ಮನ ಸೆಟೆದ ಕಾಲು ಕಣ್ಣಿಗೆ ಬಿದ್ದು ಎಂಜಿನ್ ಆರಿಸುತ್ತಾನೆ.

"ನಂದು ಅಕ್ಕ ಹಿಡಿದಿಲ್ಲ ಸಾರ್."

"ಅದಕ್ಕೇನೀಗ?"

"ಹಿಡೀಲಿ. ಆಮೇಲೆ ಹೋಗ್ತೀನಿ."

ಅವನ ಹಿಂದಿದ್ದವರೂ ಒಬ್ಬೊಬ್ಬರಾಗಿ ಇಳಿಯುತ್ತಾರೆ. ಇನ್‌ಚಾರ್ಜ್ ಅಕ್ಕನ ಕಡೆ ತಿರುಗುತ್ತಾರೆ. "ಯಾಕಮ್ಮ ಈ ಹಟ? ನಿಮ್ಮ ತಮ್ಮ ಈಗ ಗಾಡಿ ಓಡಿಸೋದೇ ಇಲ್ಲವಲ್ಲ!"

ಅಕ್ಕನ ಕೈ ಅಲುಗುವುದಿಲ್ಲ, ದನಿ ಮಾತ್ರ ಏರುತ್ತದೆ. "ಮಿಕ್ಕವರಿಗೆ ಅಕ್ಕಂದಿರು ಇಲ್ವಾ?"

ಇನ್‌ಚಾರ್ಜ್ ಕೈಗಡಿಯಾರ ನೋಡಿಕೊಳ್ಳುತ್ತಾರೆ. ಸಾಲಾಗಿ ನಿಂತ ಗಾಡಿಗಳನ್ನು ನೋಡುತ್ತಾರೆ. ಜೇಬಿನಲ್ಲಿ ಫೋನ್ ಬಡಿದುಕೊಳ್ಳುತ್ತಲೇ ಇದೆ. ಕೊನೆಗೆ, "ಆಯ್ತು, ಒಳಗೆ ಬಂದು ಬೇಗ ಮುಗಿಸಿ. ದಿನಾ ಬನ್ನಿ, ಯಾರು ಬೇಡ ಅಂದ್ರು?" ಎನ್ನುತ್ತಾರೆ.

"ಯಾರು ಬೇಡ ಅಂದ್ರಾ? ಬರಬೇಡ ಅಂತ ನನ್ನ ತಮ್ಮನ ಬಾಯಲ್ಲಿ ಹೇಳಿಸಿದ್ರಿ," ಎನ್ನುತ್ತಾರೆ ಅಕ್ಕ. "ಬಾ ಅಂತಾನೂ ಅವನ ಬಾಯಲ್ಲೇ ಹೇಳಿಸಿ."

ಇನ್‌ಚಾರ್ಜ್ ತಮ್ಮನ ಕಡೆ ನೋಡಿ, ಕೇಳಿಯೂ ಕೇಳದಷ್ಟು ಮೆಲ್ಲಗೆ, "ಒಳಗೆ ಕರಿ ನಿಮ್ಮಕ್ಕನ್ನ" ಎನ್ನುತ್ತಾರೆ. ತಮ್ಮ ಕಾಲೆಳೆಯುತ್ತ ಹೋಗಿ ಗೇಟಿನ ಎರಡೂ ಬಾಗಿಲು ಗೋಡೆಗೆ ತಾಗುವಂತೆ ತೆರೆದು ನಿಲ್ಲುತ್ತಾನೆ.

"ಬಾರಕ್ಕ, ಒಳಗೆ ಬಾ."

ಅಕ್ಕ ಜಾಗ ಬಿಟ್ಟು ಕದಲುವುದಿಲ್ಲ. ಚಕ್ರ ಮೊಣಕಾಲುಗಳ ನಡುವೆಯೇ ಇದೆ, ಕೆಳಗೆ ಗಂಡ ಟಾರ್ಚ್ ಹಿಡಿದು ಮಲಗಿಯೇ ಇದ್ದಾರೆ.

"ತಾಳೋ," ಎನ್ನುತ್ತಾರೆ. "ಇದರದ್ದಿನ್ನೂ ಆಯಿಲ್ ಇಳೀತಾ ಇದೆ."