ಯಾರೂ ಬಳಸದ ಹನ್ನೊಂದು ಸಾವಿರ ಸಾಲು

ಬೆಳಕು ಹರಿಯುವ ಮುಂಚೆ ಬುರುಲ್ ಒಲೆಯ ಬೂದಿ ತೆಗೆದು ಕಲ್ಲಿದ್ದಲು ತುಂಬುತ್ತಾಳೆ. ಹಸುವಿನ ಹಾಲು ಕರೆಯುತ್ತಾಳೆ. ಹಿಮ ಗೋರಿ ಅಂಗಳದಲ್ಲಿ ದಾರಿ ಮಾಡುತ್ತಾಳೆ: ಬಾಗಿಲಿನಿಂದ ಗೇಟಿಗೊಂದು, ಗೇಟಿನಿಂದ ಕೊಟ್ಟಿಗೆಗೊಂದು, ಕೊಟ್ಟಿಗೆ ಹಿಂದಿನ ಬಾವಿಗೊಂದು. ಬಾವಿ ಬತ್ತಿ ಹದಿನಾಲ್ಕು ವರ್ಷವಾಗಿದೆ. ಚಹಾದ ನೀರು ಕಾಯಿಸುವ ಅಡುಗೆಮನೆಯ ಸಮೋವರಿಗೆ ಬೆಂಕಿ ಹಾಕುತ್ತಾಳೆ, ಆಮೇಲೆ ನಡುಮನೆಯ ದೊಡ್ಡ ಸಮೋವರಿಗೂ ಹಾಕುತ್ತಾಳೆ, ಅಕಸ್ಮಾತ್ ನೆಂಟರು ಬಂದರೆ ಎಂದು. ಗೋಡೆಗೆ ಒಟ್ಟಿದ ಇಪ್ಪತ್ತೆರಡು ಹಾಸಿಗೆಗಳನ್ನು ಇಳಿಸಿ, ಕೊಡವಿ, ಅಂಚಿಗೆ ಅಂಚು ಕೂಡಿಸಿ ಮತ್ತೆ ಒಟ್ಟುತ್ತಾಳೆ. ಮಾವನವರ ಚಹಾ ಬಟ್ಟಲನ್ನು ತೊಳೆದು, ಒರೆಸಿ ಅವರ ಜಾಗದಲ್ಲಿಡುತ್ತಾಳೆ. ಮಾವ ತೀರಿಕೊಂಡು ಆರು ವರ್ಷ. ಕೊನೆಗೆ ತಲೆವಸ್ತ್ರ ಬಿಗಿದು ಅತ್ತೆಗೆ ಬಗ್ಗಿ ಸಲಾಂ ಹೇಳಿ ಚಹಾ ಬಗ್ಗಿಸುತ್ತಾಳೆ.

ಎಂಟು ಗಂಟೆಗೆ ಲ್ಯಾಪ್‌ಟಾಪ್ ತೆರೆದಾಗ ಮನೆಯವರು, "ಬುರುಲ್ ಕೆಲಸ ಶುರು ಮಾಡಿದಳು" ಎನ್ನುತ್ತಾರೆ.

ಅತ್ತೆಯ ಹೆಸರು ಜೂರಾ. ಹೆಸರು ನಾನು ಹೇಳಬಹುದು, ನಾನು ಗೋಡೆಯಾಚೆಯ ಮನೆಯವಳು. ಬುರುಲ್ ಹೇಳುವಂತಿಲ್ಲ. ಗಂಡನ ಹಿರಿಯರ ಹೆಸರು ಸೊಸೆಯ ಬಾಯಲ್ಲಿ ಬರಬಾರದು ಎಂಬುದು ನಮ್ಮಲ್ಲಿನ ಪದ್ಧತಿ. ಈ ಕಾರಾಕೋಲ್ ಪೇಟೆಯ ಎಷ್ಟೋ ಸೊಸೆಯರು ಈಗ ಅದನ್ನು ಬಿಟ್ಟಿದ್ದಾರೆ. ಬುರುಲ್ ಬಿಟ್ಟಿಲ್ಲ. ಗಂಡ ಮೆದೆರನ ಅಜ್ಜ ತೆಮಿರ್, ಅಂದರೆ ಕಬ್ಬಿಣ. ಹಾಗಾಗಿ ಹನ್ನೊಂದು ವರ್ಷದಿಂದ ಅವಳಿಗೆ ಕಬ್ಬಿಣವೆಂದರೆ "ಆ ಕರಿ ಗಟ್ಟಿಯದು". ಅತ್ತೆಯನ್ನು ಅವಳು ಕರೆಯುವುದು ಅಪಾ, ಅಂದರೆ ಅಮ್ಮ ಎಂದೇ.

ಬುರುಲ್ ನರಿನ್ ಕಡೆಯ ಕುರಿಗಾಹಿಯ ಮಗಳು, ರಾಜಧಾನಿಯಲ್ಲಿ ಗಣಿತ ಓದಿದವಳು. ಜಗತ್ತಿನ ಲೆಕ್ಕವಿಲ್ಲದಷ್ಟು ಕಂಪ್ಯೂಟರುಗಳನ್ನು ನಡೆಸುವ ಒಂದು ತಂತ್ರಾಂಶವಿದೆ. ಪರದೆಯ ಮೇಲೆ ಚಿತ್ರ ಮೂಡಿಸುವ ಒಂದೊಂದು ಬಗೆಯ ಕಾರ್ಡಿಗೂ ಅದರೊಳಗೆ ಸಾವಿರಾರು ಸಾಲು ಬರೆದಿಟ್ಟಿರುತ್ತಾರೆ. ಕಾರ್ಡು ಅಂಗಡಿಯಿಂದ ಮಾಯವಾದರೂ ಸಾಲುಗಳು ಉಳಿಯುತ್ತವೆ. ಸುತ್ತ ಏನೇ ಬದಲಾದರೂ ಅವನ್ನೂ ಯಾರಾದರೂ ತಿದ್ದಬೇಕು, ಆದರೆ ಸರಿಯಾಯಿತೇ ಎಂದು ನೋಡಲು ಆ ಕಾರ್ಡು ಯಾರ ಬಳಿಯೂ ಇಲ್ಲ. ಅಂಥ ಸತ್ತ ಸಾಲುಗಳನ್ನು ಹುಡುಕಿ ತೆಗೆಯುವುದು ಬುರುಲಳ ಕೆಲಸ.

ಅಪಾ ಬೀದಿಯ ಹೆಂಗಸರಿಗೆ ಇದನ್ನು ಚಿಕ್ಕದಾಗಿ ಹೇಳುತ್ತಾರೆ. "ನನ್ನ ಸೊಸೆ ಕಂಪ್ಯೂಟರ್ ಒಳಗೆ ಕಸ ಗುಡಿಸ್ತಾಳೆ."

"ಅಷ್ಟು ಓದಿ ಅಲ್ಲೂ ಕಸವೇನಾ?"

"ಅಲ್ಲಿ ಗುಡಿಸಿದ್ರೆ ಸಂಬಳ ಕೊಡ್ತಾರಂತೆ ಕಣ್ರೇ."

ಆ ಚಳಿಗಾಲ ಬುರುಲ್ ಹಿಡಿದದ್ದು ಒಂದು ಹಳೆಯ ಕಾರ್ಡಿನ ಹನ್ನೊಂದು ಸಾವಿರ ಸಾಲಿನ ಕಂತೆ. ನಿಯಮ ಸರಳ: ತೆಗೆಯುತ್ತೇನೆಂದು ಆ ತಂತ್ರಾಂಶದ ಅಂಚೆಪಟ್ಟಿಯಲ್ಲಿರುವ ಎಲ್ಲರಿಗೂ ಪತ್ರ ಬರೆಯಬೇಕು, ಮೂರು ತಿಂಗಳು ಕಾಯಬೇಕು. "ನನ್ನ ಬಳಿ ಆ ಕಾರ್ಡಿದೆ, ಈಗಲೂ ಬಳಸುತ್ತೇನೆ" ಎಂದು ಭೂಮಿಯ ಮೇಲೆ ಒಬ್ಬರು ಹೇಳಿದರೂ ಮುಟ್ಟುವಂತಿಲ್ಲ. ಯಾರೂ ಹೇಳದಿದ್ದರೆ ಅದು ಹೋಗುತ್ತದೆ, ಅದರ ಬೆನ್ನಿಗೇ ಆ ಇಡೀ ಭಾಗದ ಉಸ್ತುವಾರಿ ಬುರುಲಳದು. ಅವಳ ಮಾತಿಲ್ಲದೆ ಅಲ್ಲಿ ಒಂದು ಸಾಲೂ ಕದಲುವುದಿಲ್ಲ. ತನ್ನ ಮಾತಿಲ್ಲದೆ ಯಾವುದೂ ಕದಲದ ಜಾಗ ಅವಳಿಗೆ ಅದುವರೆಗೆ ಒಲೆಯ ಬೂದಿಯೊಂದೇ.

ಕಾಯುತ್ತಿದ್ದಾಗ ಒಂದು ಮುಂಜಾನೆ ಬತ್ತಿದ ಬಾವಿಗೆ ದಾರಿ ಗೋರುತ್ತಿದ್ದವಳ ಸನಿಕೆ ಹಾಗೇ ನಿಂತಿತು. ಇದನ್ನು ಯಾರು ಬಳಸುತ್ತಾರೆ?

ಅವಳು ಮನೆಯಲ್ಲೂ ಅದೇ ವಿಧಾನ ಹಿಡಿದಳು. ತೆಗೆ, ಯಾರು ಕೂಗುತ್ತಾರೆ ನೋಡು. ಪತ್ರ ಮಾತ್ರ ಬರೆಯಲಿಲ್ಲ. ಮೊದಲು ಬಾವಿಯ ದಾರಿ ಬಿಟ್ಟಳು. ನಾಲ್ಕು ದಿನ ಬಿಟ್ಟು ಹಾಸಿಗೆ ಇಳಿಸುವುದು ನಿಂತಿತು. ಆಮೇಲೆ ದೊಡ್ಡ ಸಮೋವರ್, ಕೊನೆಗೆ ಮಾವನವರ ಬಟ್ಟಲನ್ನೂ ಕಪಾಟಿಗೆ ಸೇರಿಸಿದಳು. ದಿನಕ್ಕೆ ಒಂದೂಕಾಲು ಗಂಟೆ ಉಳಿಯಿತು. ಮೂರು ವಾರ ಯಾರೂ ಕೂಗಲಿಲ್ಲ.

ಮೆದೆರ್ ಶಾಲೆಯಲ್ಲಿ ಕುಸ್ತಿ ಕಲಿಸುವ ಮೇಷ್ಟ್ರು, ಒಳ್ಳೆಯವನು. ಟವೆಲ್ ಎಲ್ಲಿದೆ ಎಂದು ಕೇಳಿ ತಿಳಿದುಕೊಂಡ ಮೇಲೆ ತಾನೇ ಎದ್ದುಹೋಗಿ ತಂದುಕೊಳ್ಳುತ್ತಾನೆ. ದೊಡ್ಡ ಸಮೋವರ್ ಹಚ್ಚುವುದನ್ನು ಬಿಟ್ಟಿದ್ದೇನೆ ಎಂದು ಬುರುಲ್ ತಾನಾಗಿ ಹೇಳಿದಾಗ ಅವನು ತಲೆ ಕೆರೆದುಕೊಂಡ. "ಅದನ್ನ ದಿನಾ ಹಚ್ತಿದ್ಯಾ?"

ಇಪ್ಪತ್ತಮೂರನೆಯ ದಿನ ಅಪಾ ಚಹಾ ಹೀರುತ್ತಾ ಕಿಟಕಿಯ ಕಡೆ ನೋಡಿದರು.

"ಬಾವಿಗೆ ದಾರಿ ಇಲ್ವಲ್ಲೇ."

"ಬಾವೀಲಿ ನೀರಿಲ್ಲ, ಅಪಾ."

"ಅದು ನಂಗೆ ಗೊತ್ತಿಲ್ವಾ? ಬತ್ತಿದ ಮೇಲೆ ಮೂರು ಚಳಿಗಾಲ ನಾನೇ ಗೋರಿದೀನಿ. ಆಮೇಲೆ ನೀನು ಬಂದೆ."

"ನೀರಿಲ್ಲದ ಬಾವಿಗೆ ಯಾಕೆ ಗೋರಿದ್ರಿ?"

"ಗೋರು ಅಂತ ನಮ್ಮತ್ತೆ ಹೇಳಿದ್ರು. ಆಮೇಲೆ ಸತ್ತುಹೋದ್ರು. ಸತ್ತೋರು ಬಂದು ಸಾಕು ನಿಲ್ಸು ಅಂತಾರಾ? ನನ್ನ ಸೊಂಟ ಅಲ್ಲೇ ಹೋಗಿದ್ದು."

"ಹಾಗಾದ್ರೆ ನನಗಾದ್ರೂ ನೀವು ಹೇಳಬಹುದಿತ್ತು."

"ನೀನು ಕೇಳಿದ್ಯಾ?" ಅಪಾ ಬಟ್ಟಲು ಮುಂದೆ ಹಿಡಿದರು. ಬುರುಲ್ ಅರ್ಧ ತುಂಬಿದಳು. ಪೂರ್ತಿ ತುಂಬಿದರೆ ಕುಡಿದು ಏಳಿ ಎಂದಂತೆ. "ದೊಡ್ಡ ಸಮೋವರೂ ತಣ್ಣಗಿದೆ. ಹಾಸಿಗೆ ಮೇಲೆ ಬೆರಳಲ್ಲಿ ಹೆಸರು ಬರೀಬಹುದು, ಅಷ್ಟು ಧೂಳು."

"ಎಲ್ಲ ನೋಡ್ತಿದ್ರಾ? ಮತ್ತೆ ಸುಮ್ಮನಿದ್ರಿ."

"ಇನ್ನೂ ಏನೇನು ಬಿಡ್ತಾಳೋ ನೋಡೋಣ ಅಂತಿದ್ದೆ. ನಂಗೂ ಬೇರೆ ಮನರಂಜನೆ ಏನಿದೆ?" ಅಪಾ ಮುಖದಲ್ಲಿ ನಗೆ ಇರಲಿಲ್ಲ, ಭುಜ ಮಾತ್ರ ಕುಲುಕುತ್ತಿತ್ತು. "ಅವೆಲ್ಲ ಹೋಗ್ಲಿ. ಬಟ್ಟಲು ಮಾತ್ರ ಇಡು. ಅದು ಬೇಕು."

ಬುರುಲ್ ಚಹಾದ ಪಾತ್ರೆ ಕೆಳಗಿಟ್ಟಳು. "ತಪ್ಪಾಯ್ತು, ಅಪಾ. ಮಾವನವರ ನೆನಪು ಅಂತ ನಾನು ಯೋಚಿಸ್ಬೇಕಿತ್ತು."

"ನೆನಪಿಗೆ ಅವರ ಗೊರಕೆ ಸಾಕು, ಇನ್ನೂ ಕಿವಿಯಲ್ಲಿದೆ. ಚಹಾ ಕುಡಿಯೋವಾಗ ನಾನು ಕನ್ನಡಕ ಇಡೋದು ಅದ್ರಲ್ಲಿ ಕಣೇ. ಒಂದು ವಾರದಿಂದ ಮನೆಯೆಲ್ಲ ತಡಕಾಡ್ತಿದೀನಿ."

ಮಾರನೆಯ ದಿನದಿಂದ ಬಟ್ಟಲು ತನ್ನ ಜಾಗಕ್ಕೆ ಬಂತು. ಸತ್ತಿದೆ ಎಂದುಕೊಂಡಿದ್ದಕ್ಕೆ ದಿನಾ ಬಳಸುವವರಿದ್ದರು. ಆರು ವರ್ಷ ಎದುರಿಗೇ ಕೂತು ಚಹಾ ಬಗ್ಗಿಸಿದವಳಿಗೆ ಅದು ಕಂಡಿರಲಿಲ್ಲ.

ಮೂರು ತಿಂಗಳು ಮುಗಿಯುವ ವಾರ ಹಾಂಬುರ್ಗಿನಿಂದ ಉಲ್ರಿಕೆ ಬರೆದಳು. ಎಲ್ಲರ ತಿದ್ದುಪಡಿಗಳನ್ನೂ ಒಟ್ಟುಗೂಡಿಸುವವಳು ಅವಳೇ. "ಒಬ್ಬರೂ ಬಂದಿಲ್ಲ. ಶುಕ್ರವಾರ ಬೆಳಿಗ್ಗೆ ನಿನ್ನ ತಿದ್ದುಪಡಿ ಸೇರಿಸಿ ಆ ಸಾಲುಗಳನ್ನು ತೆಗೆಯುತ್ತೇನೆ. ಉಸ್ತುವಾರಿಯ ಪಟ್ಟಿಯಲ್ಲಿ ನಿನ್ನ ಹೆಸರು ಬರೆದಿಟ್ಟಾಗಿದೆ."

ಗುರುವಾರ ಅಪಾ ಚಿತ್ರ ಬರೆಯುವ ದಿನ. ಉಣ್ಣೆ ಮಿದ್ದು ಹಾಸು ಮಾಡುವ ಐದು ಹೆಂಗಸರ ಗುಂಪಿಗೆ ಅವರೇ ಮುಖ್ಯಸ್ಥೆ. ನಡುಮನೆಯ ಮೂಲೆಯಲ್ಲಿ ಕಸೂತಿಯ ಹೊದಿಕೆ ಹೊದ್ದು ಕೂತ, ಹೊಟ್ಟೆ ಡುಬ್ಬದ ಪರದೆಯ ಕಂಪ್ಯೂಟರಿನಲ್ಲಿ ಟಗರಿನ ಕೊಂಬಿನ ವಿನ್ಯಾಸ ಎಳೆದು, ಗುಂಪಿಗೂ ಅಂಗಡಿಗೂ ಕಳಿಸುತ್ತಾರೆ. ಅವರು ಅದನ್ನು ಕರೆಯುವುದು ಮುದುಕ ಎಂದು. ಮೆದೆರ್ ಮದುವೆಗೆ ಮುಂಚೆ ಸಂತೆಯಿಂದ ತಂದದ್ದು. ಬುರುಲ್ ತನ್ನ ಲ್ಯಾಪ್‌ಟಾಪಿನಿಂದಲೇ ಆಗಾಗ ಅದರ ತಂತ್ರಾಂಶ ಹೊಸದು ಮಾಡುತ್ತಾಳೆ. ಹೊದಿಕೆಯ ಧೂಳೂ ಅವಳೇ ಕೊಡವುತ್ತಾಳೆ.

"ಮುದುಕ ಗೊರಕೆ ಹೊಡೀತಿದಾನೆ. ಸ್ವಲ್ಪ ನೋಡೇ."

ಬುರುಲ್ ಪೆಟ್ಟಿಗೆಯ ಮುಚ್ಚಳ ತೆಗೆದಳು. ಫ್ಯಾನಿಗೆ ಹಸುವಿನ ಕೂದಲು ಸುತ್ತಿತ್ತು. ಕೂದಲು ಬಿಡಿಸುತ್ತಾ ಒಳಗೆ ಬಗ್ಗಿದವಳಿಗೆ ಹಸಿರು ಹಲಗೆಯೊಂದರ ಮೇಲೆ ಅಚ್ಚಾದ ಸಂಖ್ಯೆ ಕಂಡಿತು. ಮೂರು ತಿಂಗಳಿಂದ ಅವಳಿಗೆ ಬಾಯಿಪಾಠವಾಗಿದ್ದ, ಆ ಹಳೆಯ ಕಾರ್ಡಿನದೇ ಸಂಖ್ಯೆ. ಬ್ರೆಜಿಲ್ಲಿನಿಂದ ಜಪಾನಿನವರೆಗೆ ಎಲ್ಲರನ್ನೂ ಕೇಳಿದ್ದಳು, ತನ್ನ ನಡುಮನೆಯೊಂದನ್ನು ಬಿಟ್ಟು.

"ಸತ್ತಿದಾನಾ?" ಅಪಾ ಕೇಳಿದರು.

"ಇಲ್ಲ. ಬದುಕಿದಾನೆ."

"ಹಾಗಾದ್ರೆ ಮುಖ ಯಾಕೆ ಹಾಗೆ ಮಾಡ್ಕೊಂಡಿದೀಯ?"

"ಅಪಾ, ಮೆದೆರ್ ಹೊಸ ಕಂಪ್ಯೂಟರ್ ತಂದಿದ್ರಲ್ಲ. ಅದರಲ್ಲಿ ಬರೆದ್ರೆ ಆಗಲ್ವಾ?"

"ಅದಕ್ಕೆ ಸೊಕ್ಕು. ನಾನು ಕೊಂಬು ಎಳೆದ್ರೆ ಅದೇ ಸರಿ ಮಾಡಿಕೊಡುತ್ತೆ. ಸರಿ ಮಾಡು ಅಂತ ನಾನು ಕೇಳಿದ್ನಾ? ಮುದುಕ ನಾನು ಎಳೆದಷ್ಟು ಎಳೀತಾನೆ." ಕಣ್ಣು ಪರದೆಯ ಮೇಲೇ ಇತ್ತು. "ನಲವತ್ತು ವರ್ಷದಲ್ಲಿ ಈ ಮನೇಲಿ ನಾನು ಹೇಳಿದಂಗೆ ಕೇಳಿದ ಗಂಡಸು ಇವನೊಬ್ಬನೇ."

ಬುರುಲ್ ಮುಚ್ಚಳ ಹಾಕಿ ತಿರುಪು ಬಿಗಿದಳು.

ಶುಕ್ರವಾರ ಬೆಳಕು ಹರಿಯುವ ಮುಂಚೆ ಬೂದಿ ತೆಗೆದಳು, ಹಾಲು ಕರೆದಳು, ಎರಡೇ ದಾರಿ ಗೋರಿದಳು, ಬಟ್ಟಲು ಇಟ್ಟಳು. ಉಳಿದ ಒಂದೂಕಾಲು ಗಂಟೆಗೆ ಒಲೆಯ ಪಕ್ಕ ಲ್ಯಾಪ್‌ಟಾಪ್ ತೆರೆದು ಕೂತಳು. ಸುಮ್ಮನಿದ್ದರೆ ಸಾಕಿತ್ತು. ಉಲ್ರಿಕೆ ಎದ್ದು ಕಾಫಿ ಕುಡಿದು ಸಾಲುಗಳನ್ನು ತೆಗೆಯುತ್ತಾಳೆ, ಉಸ್ತುವಾರಿ ಬುರುಲಳದಾಗುತ್ತದೆ. ಮುದುಕನಿಗೆ ಹೊಸ ತಂತ್ರಾಂಶ ಹಾಕದೆ ಬಿಟ್ಟರೆ ಒಂದೆರಡು ವರ್ಷ ತಳ್ಳಬಹುದು. ಆಮೇಲೆ ಒಂದು ಗುರುವಾರ ಪರದೆ ಕಪ್ಪಾಗುತ್ತದೆ, "ಸತ್ತ ಪಾಪ" ಎಂದು ಅಪಾ ಹೊದಿಕೆ ಹೊದಿಸುತ್ತಾರೆ. ಕೊಂದದ್ದು ಯಾರೆಂದು ಯಾರೂ ಕೇಳುವುದಿಲ್ಲ. ಪತ್ರ ಹೋದವರ ಪಟ್ಟಿಯಲ್ಲಿ ಅಪಾ ಇಲ್ಲ, ಅಂಥ ಪಟ್ಟಿಯೊಂದಿದೆ ಎಂಬುದೂ ಅವರಿಗೆ ತಿಳಿಯದು.

ಬುರುಲ್ ಉತ್ತರದ ಹಾಳೆ ತೆರೆದಳು. "ಕಾರ್ಡು ಬಳಕೆಯಲ್ಲಿದೆ. ನಾನೇ ನೋಡಿದ್ದೇನೆ. ತೆಗೆಯಬೇಡಿ" ಎಂದು ಬರೆದಳು.

ಕೆಳಗೆ ಬಳಸುವವರ ಹೆಸರು ಹಾಕಬೇಕು. ಅದು ನಿಯಮ, ಹೆಸರಿಲ್ಲದಿದ್ದರೆ ಲೆಕ್ಕಕ್ಕಿಲ್ಲ. "ಅಪಾ" ಎಂದು ಬರೆದು ಅಳಿಸಿದಳು. "ನನ್ನ ಗಂಡನ ತಾಯಿ" ಎಂದು ಬರೆದು ಅದನ್ನೂ ಅಳಿಸಿದಳು. ಒಳಗೆ ಅಪಾ ಕೆಮ್ಮಿದರು. ಇನ್ನೇನು ಎದ್ದು ಚಹಾಕ್ಕೆ ಬರುತ್ತಾರೆ.

ಬಾಯಲ್ಲಿ ಬರಬಾರದು ಎಂದು ಹಿರಿಯರು ಹೇಳಿದ್ದರು. ಬೆರಳಿನ ಮಾತು ಯಾರೂ ಎತ್ತಿರಲಿಲ್ಲ. ತುಟಿ ಬಿಗಿಹಿಡಿದು ಅವಳು ಒಂದೊಂದೇ ಅಕ್ಷರ ಒತ್ತಿದಳು, ಜೂರಾ, ಕಾರಾಕೋಲ್, ಪ್ರತಿ ಗುರುವಾರ, ಮತ್ತು ಕಳಿಸಿದಳು.