ಸಣ್ಣ ಸಿನೆಮಾದ ಪುಂಡಲೀಕಪ್ಪ

೧೯೮೦ರ ಆಸುಪಾಸಿನಲ್ಲೂ ಬೆಟಗೇರಿಯ ಟಾಕೀಸಿನಲ್ಲಿ ದೊಡ್ಡ ಸಿನೆಮಾಕ್ಕೆ ಮೊದಲು ಹಾಡು, ಕುಣಿತ, ಜಾದೂ ಎಲ್ಲ ಬೆರೆಸಿದ ಹಳೆಯ ಕಿರುಚಿತ್ರವೊಂದನ್ನು ತೋರಿಸುತ್ತಿದ್ದರು. ನೇಕಾರ ಪುಂಡಲೀಕಪ್ಪ ಬರುತ್ತಿದ್ದುದು ಅದಕ್ಕಾಗಿಯೇ. ಬಾಗಿಲ ಪಕ್ಕದ ಬಾಕಿನ ತುದಿಗೆ ಕೂತು ಹಾಡುವವಳ ಜೊತೆ ತುಟಿ ಆಡಿಸುತ್ತಿದ್ದ, ಕುಣಿಯುವವನ ಜೊತೆ ಕಾಲು ಕುಟ್ಟುತ್ತಿದ್ದ, ಜಾದೂಗಾರ ಟೋಪಿ ಎತ್ತಿದರೆ ತನ್ನ ರುಮಾಲನ್ನೂ ಎತ್ತುತ್ತಿದ್ದ. ಹಿಂದಿನವರು ಬೈದರೂ ಅವನಿಗೆ ಖಬರ ಇರುತ್ತಿರಲಿಲ್ಲ. ದೊಡ್ಡ ಸಿನೆಮಾದ ಹೆಸರು ಬೀಳುವುದರೊಳಗೆ "ಆತು, ಇಷ್ಟ ಸಾಕು" ಎಂದು ಎದ್ದುಬಿಡುತ್ತಿದ್ದ. "ಕಾಕಾ, ಮುಂದಿಂದು ನೋಡೂದಿಲ್ಲೇನ್ರಿ?" ಎಂದು ಅದೇ ಬಾಕಿನಲ್ಲಿ ಕೂರುತ್ತಿದ್ದ ಹುಡುಗ ನಾನು ಒಮ್ಮೆ ಕೇಳಿದೆ. "ಅಷ್ಟು ದೊಡ್ಡದನ್ನ ಮನಿತನಕ ಒಯ್ಯಾಕ ಆಗೂದಿಲ್ಲಪಾ," ಎಂದ. ಅರ್ಥವಾಗದೆ ಒಂದು ಮಧ್ಯಾಹ್ನ ಅವನ ಹಿಂದೆಯೇ ಹೋದೆ. ಮನೆಯ ಬಾಗಿಲು ತೆರೆದೇ ಇತ್ತು. ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದ ಹೆಂಡತಿ ಮುತ್ತವ್ವನ ಎದುರು ಅವನು ಹಾಡಿದ, ಕುಣಿದ, ರುಮಾಲಿನೊಳಗಿಂದ ಲಿಂಬಿಹಣ್ಣು ತೆಗೆದ. ಮುತ್ತವ್ವ ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಹಾಡಾಕಿ ಯಾವ ಬಣ್ಣದ ಸೀರಿ ಉಟ್ಟಿದ್ಲರಿ?" ಎಂದಳು. ನಾವು ನೋಡಿದ್ದು ಕಪ್ಪು-ಬಿಳುಪಿನ ಚಿತ್ರ. ಪುಂಡಲೀಕಪ್ಪ ತಡವರಿಸಲಿಲ್ಲ. "ಹಸರ ಸೀರಿ. ನಮ್ಮ ಮದವ್ಯಾಗ ನೀ ಉಟ್ಟಿದ್ದಿ ನೋಡು, ಅಂಥಾದ," ಎಂದ.